ಸಮುದ್ರದ ನೀರು ಹುಳಿಯ ಕಡೆ ವಾಲಿದರೆ ಚಿಪ್ಪಿನ ಮರಿಗಳ ಗತಿ ಏನು?



ಮಂಗಳೂರು ಕಡೆಯವರು ಮರುವಾಯಿ ಅಂತೀರಿ, ಕುಮಟಾ ಕಡೆಯವರು ಬಳಚು ಅಂತೀರಿ, ಕೊಂಕಣಿ ಮಾತಾಡುವವರಿಗೆ ಅದು ಖುಬೆ. ಹೆಸರು ಯಾವುದೇ ಇರಲಿ, ಸುಕ್ಕ ಮಾಡಿ ಉಂಡ ಮೇಲೆ ಚಿಪ್ಪು ಹಿತ್ತಿಲಿಗೆ ಹೋಗುತ್ತದೆ. ಆ ಚಿಪ್ಪು ಯಾವುದರಿಂದ ಆಗಿದೆ, ಅಷ್ಟು ಪುಟ್ಟ ಜೀವಿ ಅದನ್ನು ಹೇಗೆ ಕಟ್ಟಿಕೊಂಡಿತು ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ಈ ಸಲ ಅದನ್ನೇ ಸ್ವಲ್ಪ ತಿಳಿದುಕೊಳ್ಳೋಣ. ಏಕೆಂದರೆ ಚಿಪ್ಪು ಕಟ್ಟುವ ಕೆಲಸಕ್ಕೆ ಸಮುದ್ರದಲ್ಲಿ ಈಗ ತೊಂದರೆ ಶುರುವಾಗಿದೆ. ಮೊದಲು ಪೆಟ್ಟು ಬೀಳುವುದು ಪೇಟೆಯಲ್ಲಿ ರಾಶಿ ಹಾಕಿರುವ ದೊಡ್ಡ ಚಿಪ್ಪಿಗೆ ಅಲ್ಲ, ಕಣ್ಣಿಗೇ ಕಾಣದ ಮರಿಗಳಿಗೆ. ಆದ್ದರಿಂದಲೇ ಈ ವಿಷಯ ಬಹಳ ಜನರ ಗಮನಕ್ಕೆ ಬಂದಿಲ್ಲ.

ಚಿಪ್ಪು ಅಂದರೆ ಸುಣ್ಣಕಲ್ಲಿನ ಜಾತಿಯ ವಸ್ತು. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದುದು ಹಿರಿಯರಿಗೆಲ್ಲ ಗೊತ್ತು. ಗೋಡೆಗೆ ಬಳಿಯಲೂ ಅದೇ, ವೀಳ್ಯದೆಲೆಗೆ ಹಚ್ಚಲೂ ಅದೇ. ಸುಡುವ ಮೊದಲು ಚಿಪ್ಪಿನಲ್ಲಿ ಇರುವ ವಸ್ತುವಿಗೆ ವಿಜ್ಞಾನದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಎನ್ನುತ್ತಾರೆ. ಕೋಳಿಮೊಟ್ಟೆಯ ಸಿಪ್ಪೆಯಲ್ಲೂ ಹೆಚ್ಚಾಗಿ ಇರುವುದು ಇದೇ.

ಸಂಘದ ಸಭೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಒಂದು ಲೋಟದಲ್ಲಿ ವಿನೆಗರ್ ಹಾಕಿ, ಅದರಲ್ಲಿ ಒಂದು ಹಸಿ ಮೊಟ್ಟೆ ಮುಳುಗಿಸಿ ಇಡಿ. ಸ್ವಲ್ಪ ಹೊತ್ತಿನಲ್ಲೇ ಸಿಪ್ಪೆಯ ಮೇಲೆಲ್ಲ ಗುಳ್ಳೆ ಏಳುತ್ತದೆ. ಒಂದೆರಡು ದಿನ ಬಿಟ್ಟರೆ ಸಿಪ್ಪೆ ಕರಗಿ ಹೋಗಿ, ಒಳಗಿನ ತೆಳು ಪೊರೆ ಮಾತ್ರ ಉಳಿಯುತ್ತದೆ. ಹುಳಿಗೂ ಸುಣ್ಣಕ್ಕೂ ಆಗಿಬರುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಸಮುದ್ರವೂ ಹೀಗೇ ವಿನೆಗರ್ ಆಗಿಬಿಡುತ್ತದೆ, ಚಿಪ್ಪೆಲ್ಲ ಕರಗಿ ಹೋಗುತ್ತದೆ ಅಂತ ಯಾರೂ ಗಾಬರಿಯಾಗುವುದು ಬೇಡ. ಸಮುದ್ರದ ನೀರಿಗಿಂತ ವಿನೆಗರ್ ಲಕ್ಷ ಪಟ್ಟಿಗೂ ಹೆಚ್ಚು ಹುಳಿ. ಸಮುದ್ರದಲ್ಲಿ ಆಗುತ್ತಿರುವುದು ಇದಕ್ಕಿಂತ ನಿಧಾನವಾದ, ಇನ್ನೂ ಸೂಕ್ಷ್ಮವಾದ ಸಂಗತಿ.

ಗೋಲಿ ಸೋಡಾದ ಲೆಕ್ಕ

ಗೋಲಿ ಸೋಡಾ ಕುಡಿದಾಗ ನಾಲಿಗೆ ಚುರುಕ್ ಎನ್ನುತ್ತದಲ್ಲ, ಅದಕ್ಕೆ ಕಾರಣ ಒತ್ತಡ ಹಾಕಿ ನೀರಿಗೆ ತುಂಬಿದ ಗಾಳಿ. ಆ ಗಾಳಿಯ ಹೆಸರು ಕಾರ್ಬನ್ ಡೈಆಕ್ಸೈಡ್. ನೀರಿನಲ್ಲಿ ಕರಗಿದಾಗ ಅದರಲ್ಲಿ ಸ್ವಲ್ಪ ಭಾಗ ಕಾರ್ಬೊನಿಕ್ ಆಮ್ಲ ಎಂಬ ಹುಳಿಯಾಗುತ್ತದೆ.

ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಉರಿಸಿದಾಗಲೂ ಹೊರಬರುವುದು ಇದೇ ಗಾಳಿ. ಸಿಮೆಂಟ್ ಮಾಡುವಾಗ, ಸುಣ್ಣದ ಗೂಡಿನಲ್ಲಿ ಚಿಪ್ಪು ಸುಡುವಾಗಲೂ ಬರುತ್ತದೆ. ದೊಡ್ಡ ಕಾರ್ಖಾನೆಗಳು ಹುಟ್ಟುವ ಮೊದಲು, ಅಂದರೆ ಸುಮಾರು 1750ರ ಹೊತ್ತಿಗೆ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದು ಇತ್ತು. 1958ರಲ್ಲಿ ಹವಾಯಿ ದ್ವೀಪದ ಒಂದು ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಸುಮಾರು 315 ಆಗಿತ್ತು. 2024ರಲ್ಲಿ 420ನ್ನೂ ದಾಟಿದೆ. ಮನುಷ್ಯರು ಹೊರಬಿಟ್ಟದ್ದೆಲ್ಲ ಗಾಳಿಯಲ್ಲೇ ಉಳಿದಿದ್ದರೆ ಇನ್ನೂ ಬಹಳ ಹೆಚ್ಚಾಗುತ್ತಿತ್ತು. ಸುಮಾರು ನಾಲ್ಕನೇ ಒಂದು ಪಾಲನ್ನು ಪ್ರತಿ ವರ್ಷ ಸಮುದ್ರ ಹೀರಿಕೊಳ್ಳುತ್ತಾ ಬಂದಿದೆ. ಒಂದು ರೀತಿಯಲ್ಲಿ ಸಮುದ್ರ ನಮ್ಮ ಸಾಲವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿದೆ. ಬಡ್ಡಿ ಕಟ್ಟುತ್ತಿರುವವರು ಮಾತ್ರ ಬೇರೆ.

ಇಲ್ಲಿ ಒಂದು ಮಾತು ಹೇಳಬೇಕು. ಒಲೆಗೆ ಎರಡು ಕಟ್ಟಿಗೆ ಹಾಕುವ ಹೆಂಗಸಿನಿಂದ ಸಮುದ್ರ ಕೆಡುತ್ತಿದೆ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಒಲೆಯ ಹೊಗೆ ನಿಮ್ಮ ಕಣ್ಣಿಗೆ, ಎದೆಗೆ ಕೆಟ್ಟದು, ಅದು ಬೇರೆ ವಿಷಯ. ಸಮುದ್ರದ ಈ ಕತೆಯಲ್ಲಿ ದೊಡ್ಡ ಪಾಲು ನೆಲದಡಿಯಿಂದ ತೆಗೆದ ಕಲ್ಲಿದ್ದಲು ಮತ್ತು ಎಣ್ಣೆಯದು.

ನಿಮ್ಮಲ್ಲಿ ತೋಟ ಗದ್ದೆ ಇರುವವರು ಮಣ್ಣು ಪರೀಕ್ಷೆ ಮಾಡಿಸಿರಬಹುದು. ಆ ಚೀಟಿಯಲ್ಲಿ ‘ರಸಸಾರ’ ಅಥವಾ ಪಿ.ಎಚ್. ಎಂದು ಒಂದು ಅಂಕೆ ಬರೆದಿರುತ್ತಾರೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಹೋದಷ್ಟು ಹುಳಿ, ಮೇಲೆ ಹೋದಷ್ಟು ಕ್ಷಾರ, ಅಂದರೆ ಸಾಬೂನು ನೀರಿನ ಗುಣ. ಕರಾವಳಿಯ ಕೆಂಪು ಮಣ್ಣು ಸಾಮಾನ್ಯವಾಗಿ ಹುಳಿಮಣ್ಣು. ಅದಕ್ಕೇ ಸುಣ್ಣ ಹಾಕಿ ಅಂತ ಹೇಳುತ್ತಾರೆ. ಸಮುದ್ರದ ನೀರು ಹಾಗಲ್ಲ, ಅದು ಕ್ಷಾರದ ಕಡೆಗಿದೆ. ಮೇಲ್ಭಾಗದ ನೀರಿನ ಪಿ.ಎಚ್. ಮೊದಲು ಸುಮಾರು 8.2 ಇತ್ತು, ಈಗ ಸುಮಾರು 8.1ಕ್ಕೆ ಇಳಿದಿದೆ.

ಇಷ್ಟೇನಾ, ಸೊನ್ನೆ ಬಿಂದು ಒಂದು ತಾನೇ ಅಂತ ಅನ್ನಿಸುತ್ತದೆ. ಆದರೆ ಈ ಅಂಕೆ ನಮ್ಮ ಉಳಿತಾಯದ ಲೆಕ್ಕದ ಹಾಗೆ ಒಂದಕ್ಕೆ ಒಂದು ಕೂಡುವಂಥದ್ದಲ್ಲ. ಒಂದು ಅಂಕೆ ಇಳಿಯಿತು ಅಂದರೆ ಹುಳಿಯ ಕಣಗಳು ಹತ್ತು ಪಟ್ಟು ಆದವು ಎಂದರ್ಥ. ಸೊನ್ನೆ ಬಿಂದು ಒಂದು ಇಳಿದದ್ದರಿಂದ ಹುಳಿಯ ಕಣಗಳು ಶೇಕಡಾ 26ರಿಂದ 30ರಷ್ಟು ಹೆಚ್ಚಾಗಿವೆ. ನೀರು ಈಗಲೂ ಕ್ಷಾರವೇ, ನಾಲಿಗೆಗೆ ಉಪ್ಪೇ. ಹುಳಿ ಎಂಬ ಮಾತನ್ನು ನಾವು ಇಲ್ಲಿ ‘ಹುಳಿಯ ಕಡೆಗೆ ವಾಲುತ್ತಿದೆ’ ಎನ್ನುವ ಅರ್ಥದಲ್ಲಿ ಮಾತ್ರ ಬಳಸಿದ್ದೇವೆ.

ಇದು ಬರೀ ಅಂದಾಜು ಅಲ್ಲ. ಹವಾಯಿ ದ್ವೀಪದ ಹೊರಗಿನ ಒಂದೇ ಜಾಗಕ್ಕೆ 1988ರಿಂದ ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಹಡಗಿನಲ್ಲಿ ಹೋಗಿ, ನೀರು ತೆಗೆದು ಅಳೆದು ಬರೆದಿಡುತ್ತಿದ್ದಾರೆ. ಸಂಘದ ಪುಸ್ತಕವನ್ನು ವಾರ ತಪ್ಪದೆ ಬರೆಯುವ ಹಾಗೆ. ಮೂವತ್ತೈದು ವರ್ಷದ ಆ ಪುಸ್ತಕ ತೆರೆದರೆ, ಪಿ.ಎಚ್. ವರ್ಷದೊಳಗೆ ಸ್ವಲ್ಪ ಮೇಲೆ ಕೆಳಗೆ ಆಗುತ್ತಾ, ಒಟ್ಟಿನಲ್ಲಿ ಇಳಿಯುತ್ತಲೇ ಬಂದದ್ದು ಕಾಣುತ್ತದೆ.

ಸಿಮೆಂಟ್ ಕಸಿದುಕೊಳ್ಳುವ ಕಣಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆ ಕಟ್ಟಲು ಕೆಂಪುಕಲ್ಲೂ ಬೇಕು, ಸಿಮೆಂಟೂ ಬೇಕು. ಚಿಪ್ಪು ಕಟ್ಟುವ ಜೀವಿಗೆ ಕ್ಯಾಲ್ಸಿಯಂ ಕಲ್ಲಿದ್ದ ಹಾಗೆ, ಕಾರ್ಬೊನೇಟ್ ಸಿಮೆಂಟ್ ಇದ್ದ ಹಾಗೆ. ಸಮುದ್ರದಲ್ಲಿ ಕ್ಯಾಲ್ಸಿಯಂಗೆ ಬರಗಾಲವಿಲ್ಲ. ಕೊರತೆ ಬೀಳುವುದು ಕಾರ್ಬೊನೇಟಿಗೆ.

ಅದು ಯಾಕೆ ಅಂದರೆ, ಗಾಳಿಯಿಂದ ಬಂದ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಹುಳಿಯ ಕಣಗಳನ್ನು ಬಿಡುತ್ತದೆ. ಈ ಕಣಗಳು ಒಂಟಿಯಾಗಿ ಇರುವುದಿಲ್ಲ, ಹೋಗಿ ಕಾರ್ಬೊನೇಟಿಗೆ ಅಂಟಿಕೊಳ್ಳುತ್ತವೆ. ಆಗ ಕಾರ್ಬೊನೇಟ್ ಇದ್ದದ್ದು ಬೈಕಾರ್ಬೊನೇಟ್ ಆಗುತ್ತದೆ. ಇವೆರಡೂ ನಿಮ್ಮ ಮನೆಯಲ್ಲೇ ಇವೆ. ಬಟ್ಟೆ ಒಗೆಯುವ ವಾಷಿಂಗ್ ಸೋಡಾದಲ್ಲಿ ಇರುವುದು ಕಾರ್ಬೊನೇಟ್, ಇಡ್ಲಿ ಹಿಟ್ಟಿಗೆ ಚಿಟಿಕೆ ಹಾಕುವ ಅಡುಗೆ ಸೋಡಾದಲ್ಲಿ ಇರುವುದು ಬೈಕಾರ್ಬೊನೇಟ್. ನೋಡಲು ಎರಡೂ ಬಿಳಿ ಪುಡಿ, ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದಲ್ಲೂ ಹಾಗೇ. ಬೈಕಾರ್ಬೊನೇಟ್ ಎಷ್ಟು ಇದ್ದರೂ ಚಿಪ್ಪು ಕಟ್ಟುವವರಿಗೆ ಅದು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಅದರಿಂದ ಹುಳಿಯ ಕಣವನ್ನು ಬಿಡಿಸಿ ಹೊರಗೆ ದಬ್ಬಬೇಕು. ಅದಕ್ಕೆ ಶಕ್ತಿ ಬೇಕು. ಹೊರಗಿನ ನೀರಿನಲ್ಲೇ ಹುಳಿಯ ಕಣ ಜಾಸ್ತಿ ಇದ್ದರೆ ದಬ್ಬುವ ಕೆಲಸ ಇನ್ನೂ ಕಷ್ಟ.

ಬೆಳೆದ ಚಿಪ್ಪುಪ್ರಾಣಿ ಹೇಗೋ ನಿಭಾಯಿಸುತ್ತದೆ, ಅದಕ್ಕೆ ಊಟ ಇದೆ, ಗಟ್ಟಿ ಮನೆ ಆಗಲೇ ಇದೆ. ಮೊಟ್ಟೆಯಿಂದ ಆಗ ತಾನೇ ಹೊರಟ ಮರಿಗೆ ಇವೆರಡೂ ಇಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಾಕುವ ಒಂದು ಜಾತಿಯ ಸಿಂಪಿಯನ್ನು, ಅಂದರೆ ಕೊಂಕಣಿಯಲ್ಲಿ ಕಾಲ್ವಾಂ ಎನ್ನುತ್ತಾರಲ್ಲ ಆ ಜಾತಿಯದನ್ನು, ವಿಜ್ಞಾನಿಗಳು ಹತ್ತಿರದಿಂದ ಅಭ್ಯಾಸ ಮಾಡಿದ್ದಾರೆ. ಅದರ ಮರಿ ಮೊದಲ 48 ಗಂಟೆಯೊಳಗೆ ತನ್ನ ಮೊದಲ ಚಿಪ್ಪನ್ನು ಕಟ್ಟಿ ಮುಗಿಸಬೇಕು. ಆ ಹೊತ್ತಿಗೆ ಮರಿಯ ಮೈತೂಕದ ಸುಮಾರು ಶೇಕಡಾ 90 ಬರೀ ಚಿಪ್ಪೇ ಆಗಿರುತ್ತದೆ. ಈ ಎರಡು ದಿನ ಅದಕ್ಕೆ ಉಣ್ಣಲು ಬರುವುದಿಲ್ಲ, ಉಣ್ಣುವ ಅಂಗಾಂಗ ಇನ್ನೂ ಬೆಳೆದಿರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿ ಮಾತ್ರ ಆಧಾರ. ಕಾರ್ಬೊನೇಟ್ ಧಾರಾಳ ಇದ್ದರೆ ಬುತ್ತಿ ಸಾಕಾಗುತ್ತದೆ. ಕಡಿಮೆ ಇದ್ದರೆ ಚಿಪ್ಪು ಕಟ್ಟುವುದರಲ್ಲೇ ಬುತ್ತಿ ಖಾಲಿ. ಆಮೇಲೆ ಈಜಿ ಹೋಗಿ ಆಹಾರ ಹುಡುಕಲು ತ್ರಾಣ ಇರುವುದಿಲ್ಲ. ಕರಗಿ ಸಾಯುವುದಲ್ಲ ಇದು, ಸೋತು ಸಾಯುವುದು.

ಆರೆಗನ್‌ನ ಮರಿಕೇಂದ್ರದಲ್ಲಿ ನಡೆದದ್ದು

ಇದೆಲ್ಲ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಅಮೆರಿಕದ ಆರೆಗನ್ ರಾಜ್ಯದಲ್ಲಿ ನೆಟಾರ್ಟ್ಸ್ ಎಂಬ ಕೊಲ್ಲಿಯ ದಡದಲ್ಲಿ ವಿಸ್ಕಿ ಕ್ರೀಕ್ ಎಂಬ ಸಿಂಪಿ ಮರಿಕೇಂದ್ರವಿದೆ. ಹೆಸರು ನೋಡಿ ನಗಬೇಡಿ, ಅದು ಅಲ್ಲಿಯ ಹಳ್ಳದ ಹೆಸರು. ಸೂ ಕಡ್ ಎಂಬ ಮಹಿಳೆ ಮತ್ತು ಅವರ ಗಂಡ ಮಾರ್ಕ್ ವೀಗಾರ್ಟ್ ಅದನ್ನು ನಡೆಸುತ್ತಿದ್ದರು. ಕೊಲ್ಲಿಯಿಂದ ನೀರು ಪಂಪು ಮಾಡಿ, ಬಿಸಿ ಮಾಡಿ, ದೊಡ್ಡ ತೊಟ್ಟಿಗಳಲ್ಲಿ ಸಿಂಪಿಯ ಮರಿ ಮಾಡಿಸಿ, ಕರಾವಳಿಯ ಉದ್ದಕ್ಕೂ ಇರುವ ಸಾಕಣೆದಾರರಿಗೆ ಮಾರುವುದು ಅವರ ಉದ್ಯೋಗ. ಒಂದು ಮುಷ್ಟಿಯಷ್ಟು ಮರಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದರೆ ಅದರಲ್ಲೇ ಲಕ್ಷಗಟ್ಟಲೆ ಇರುತ್ತವೆ. ಸ್ವಂತ ಮರಿಕೇಂದ್ರ ಇಲ್ಲದ ಸಣ್ಣ ಸಾಕಣೆದಾರರಲ್ಲಿ ಹೆಚ್ಚಿನವರು ಇವರನ್ನೇ ನಂಬಿದ್ದರು.

2007ರಲ್ಲಿ ಮರಿಗಳು ಸಾಯತೊಡಗಿದವು. ಇವತ್ತು ಒಂದು ತೊಟ್ಟಿ, ನಾಳೆ ಇನ್ನೊಂದು. ಮೊದಲು ವಿಬ್ರಿಯೊ ಎಂಬ ರೋಗಾಣುವಿನ ಮೇಲೆ ಅನುಮಾನ ಬಂತು. ನೀರಿನಲ್ಲಿ ಅದು ಇದ್ದದ್ದೂ ನಿಜ. ಬಹಳ ಖರ್ಚು ಮಾಡಿ ನೀರು ಶುದ್ಧ ಮಾಡುವ ಯಂತ್ರ ಹಾಕಿಸಿದರು. ರೋಗಾಣು ಹೋಯಿತು, ಸಾವು ನಿಲ್ಲಲಿಲ್ಲ. 2008ರ ಬೇಸಿಗೆಯಲ್ಲಿ ಮರಿಗಳ ಉತ್ಪತ್ತಿ ಬಹುತೇಕ ಕುಸಿದೇ ಹೋಯಿತು. ಮರಿ ಇಲ್ಲದೆ ಸಾಕಣೆದಾರರೂ ಕಂಗಾಲು. ಇಡೀ ಉದ್ಯಮಕ್ಕೆ ಮೂಲ ಇರುವುದೇ ಈ ತೊಟ್ಟಿಗಳಲ್ಲಿ.

ಆಗ ಗಮನಿಸಿದ್ದು ಗಾಳಿಯನ್ನು. ಆ ಕರಾವಳಿಯಲ್ಲಿ ಬೇಸಿಗೆಯಲ್ಲಿ ಉತ್ತರದ ಗಾಳಿ ಬಲವಾಗಿ ಬೀಸಿದರೆ ಮೇಲಿನ ನೀರು ಹೊರಗೆ ಸರಿದು, ಆಳದ ತಣ್ಣನೆ ನೀರು ದಡಕ್ಕೆ ಏರಿ ಬರುತ್ತದೆ. ಹಾಗೆ ಆಳದ ನೀರು ಬಂದ ದಿನಗಳಿಗೂ ಮರಿ ಸಾಯುವ ದಿನಗಳಿಗೂ ತಾಳೆಯಾಯಿತು. ಮರಿಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಆಲನ್ ಬಾರ್ಟನ್ ಎಂಬವರು ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಬರ್ಕ್ ಹೇಲ್ಸ್ ಮತ್ತಿತರ ವಿಜ್ಞಾನಿಗಳ ಜತೆ ಸೇರಿ ನೀರನ್ನು ಬಿಡದೆ ಅಳೆದರು. ಕೊಲ್ಲಿಯ ಪಿ.ಎಚ್. ಒಳ್ಳೆಯ ದಿನ 8.2 ಇದ್ದರೆ ಕೆಟ್ಟ ದಿನ 7.6ರ ತನಕ ಇಳಿಯುತ್ತಿತ್ತು. ಈ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೊದಲ ದಿನಗಳಲ್ಲಿ ಕೆಟ್ಟ ನೀರಿನಲ್ಲಿದ್ದ ಮರಿಗಳು ಆ ಹೊತ್ತಿಗೆ ಸಾಯದೆ ಉಳಿದರೂ ಮುಂದೆ ಸರಿಯಾಗಿ ಬೆಳೆಯುತ್ತಿರಲಿಲ್ಲ ಎಂಬುದೂ ಅದರಲ್ಲಿ ಗೊತ್ತಾಯಿತು.

ಆಳದ ನೀರು ಯಾಕೆ ಹುಳಿ? ಮೇಲಿನಿಂದ ಬಿದ್ದ ಸತ್ತ ಜೀವಿಗಳೆಲ್ಲ ಅಲ್ಲಿ ಕೊಳೆಯುತ್ತವೆ. ಕೊಳೆಯುವಾಗ ಆಮ್ಲಜನಕ ಖರ್ಚಾಗಿ ಕಾರ್ಬನ್ ಡೈಆಕ್ಸೈಡ್ ಸೇರುತ್ತದೆ. ಇದು ಹಿಂದಿನಿಂದಲೂ ಇದ್ದದ್ದೇ. ಅದರ ಮೇಲೆ ಈಗ ಗಾಳಿಯಿಂದ ಬಂದ ಪಾಲೂ ಸೇರಿದೆ. ಅಲ್ಲಿ ಈಗ ಏರಿ ಬರುವ ನೀರು ಮೂವತ್ತರಿಂದ ಐವತ್ತು ವರ್ಷದ ಹಿಂದೆ ಮೇಲಿದ್ದ ನೀರು, ಆಗಿನ ಗಾಳಿಯನ್ನು ಹೀರಿ ಕೆಳಗೆ ಹೋದದ್ದು. ಅಂದರೆ ನಾವು ಈ ವರ್ಷ ಬಿಟ್ಟ ಹೊಗೆಯ ಲೆಕ್ಕ ಆ ದಡಕ್ಕೆ ಬರುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೆ.

ಅವರು ಕಂಡುಕೊಂಡ ಉಪಾಯ ಮಾತ್ರ ಬಹಳ ಸರಳ. ಬೆಳಗಿನ ಜಾವದ ನೀರು ಕೆಟ್ಟದು, ಮಧ್ಯಾಹ್ನದ ಮೇಲಿನ ನೀರು ಪರವಾಗಿಲ್ಲ ಎಂದು ಅಳತೆಯಿಂದ ಗೊತ್ತಾಯಿತು. ಹಗಲು ಕೊಲ್ಲಿಯ ನೀರುಹುಲ್ಲು, ಪಾಚಿ ಬಿಸಿಲಿಗೆ ಆಹಾರ ತಯಾರಿಸುತ್ತಾ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತವೆ, ರಾತ್ರಿ ತಿರುಗಿ ಬಿಡುತ್ತವೆ. ಆದ್ದರಿಂದ ಪಂಪು ಹಾಕುವುದನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಂಡರು. ಗಾಳಿ ಜೋರಿದ್ದ ದಿನ ತೊಟ್ಟಿಯ ನೀರಿಗೆ ಅಳತೆ ನೋಡಿ ಸೋಡಾ ಪುಡಿ ಬೆರೆಸಿದರು. ಯಾವ ಸೋಡಾ ಅಂತ ಈಗ ನೀವೇ ಹೇಳಬಲ್ಲಿರಿ. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾದ ಜಾತಿಯದು, ಕಾರ್ಬೊನೇಟ್ ಇರುವಂಥದ್ದು. ಹುಳಿಮಣ್ಣಿಗೆ ಸುಣ್ಣ ಹಾಕಿದ ಹಾಗೆಯೇ. ಮರಿಗಳು ಮತ್ತೆ ಬದುಕತೊಡಗಿದವು, ಮರಿಕೇಂದ್ರ ಉಳಿದುಕೊಂಡಿತು.

ಆದರೆ ತೊಟ್ಟಿಗೆ ಹಾಕಿದ ಸೋಡಾವನ್ನು ಸಮುದ್ರಕ್ಕೆ ಹಾಕಲು ಆಗುತ್ತದೆಯೇ? ಹೊರಗೆ ಬಂಡೆಯ ಮೇಲೆ, ಕೆಸರಿನಲ್ಲಿ ತಾವಾಗಿ ಹುಟ್ಟುವ ಮರಿಗಳಿಗೆ ತೊಟ್ಟಿಯೂ ಇಲ್ಲ, ಸೋಡಾ ಹಾಕುವವರೂ ಇಲ್ಲ.

ನಮ್ಮ ಕಡೆಯ ಮಾತು

ನಮಗೆ ಸಂಬಂಧಿಸಿದ್ದು ಇರುವುದು ಇಲ್ಲೇ. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ 1990ರ ದಶಕದ ಕೊನೆಯಿಂದ ಮಹಿಳೆಯರ ಸ್ವಸಹಾಯ ಗುಂಪುಗಳು ಹಿನ್ನೀರಿನಲ್ಲಿ ಪಚ್ಚಿಲೆ ಸಾಕುತ್ತಾ ಬಂದಿವೆ. ತಾಂತ್ರಿಕ ವಿಧಾನ ಹೇಳಿಕೊಟ್ಟದ್ದು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಹಣಕ್ಕೆ ಸರಕಾರದ ಸಾಲ ಮತ್ತು ಸಹಾಯಧನ. ಮಳೆಗಾಲ ಮುಗಿದ ಮೇಲೆ ಸಮುದ್ರದ ಬಂಡೆಗಳಿಗೆ ಅಂಟಿದ ಸಣ್ಣ ಮರಿಗಳನ್ನು ಕೆರೆದು ತರುತ್ತಾರೆ. ಇದಕ್ಕೆ ಅವರು ಬೀಜ ಅಂತಲೇ ಹೇಳುವುದು. ಹಗ್ಗದ ಸುತ್ತ ಬೀಜ ಇಟ್ಟು ಹತ್ತಿಯ ತೆಳು ಬಟ್ಟೆಯಿಂದ ಹೊಲಿದು, ನೀರಿನಲ್ಲಿ ನೆಟ್ಟ ಚಪ್ಪರಕ್ಕೆ ತೂಗುಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮದೇ ನಾರಿನಿಂದ ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಮುಂದಿನ ಮಳೆಗೆ ಮೊದಲು ಕೊಯ್ಲು. ಮೇವು ಹಾಕಬೇಕಾಗಿಲ್ಲ, ನೀರಿನಲ್ಲಿರುವುದನ್ನೇ ಸೋಸಿ ತಿಂದು ಬೆಳೆಯುತ್ತವೆ.

ಸಾಲ ಸಂಘದ್ದು, ದುಡಿಮೆ ಹೆಂಗಸರದ್ದು, ಬೀಜ ಮಾತ್ರ ಸಮುದ್ರದ್ದು. ಆರೆಗನ್‌ನಲ್ಲಿ ಮರಿ ಸತ್ತದ್ದು ಗೊತ್ತಾದದ್ದು ತೊಟ್ಟಿಯಲ್ಲಿ ಇದ್ದ ಕಾರಣ, ಸೂಕ್ಷ್ಮದರ್ಶಕದಲ್ಲಿ ಪ್ರತಿದಿನ ನೋಡುವವರು ಇದ್ದ ಕಾರಣ. ಬಂಡೆಯ ಮೇಲಿನ ಬೀಜ ನಂಬಿದವರಿಗೆ ಅದು ಕಾಣುವುದಿಲ್ಲ. ‘ಈ ವರ್ಷ ಬೀಜ ಕಡಿಮೆ’ ಅಂತ ಮಾತ್ರ ಕಾಣುತ್ತದೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿಗೆ ಇಳಿದು ಬಳಚು ಹೆಕ್ಕುವ ಅಕ್ಕತಂಗಿಯರಿಗೂ ಇದೇ ಮಾತು. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಪಟ್ಟಿಗೆ ಸೇರಿದ್ದು ಸಂತೋಷವೇ, ಆದರೆ ನೀರಿನ ರಸಾಯನಕ್ಕೆ ಬೇಲಿ ಹಾಕಲು ಬರುವುದಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಆಳದ ನೀರು ಏರಿ ಬರುತ್ತದೆ. ತಣ್ಣಗಿನ, ಆಮ್ಲಜನಕ ಕಡಿಮೆ ಇರುವ, ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುವ ನೀರು. ಅದನ್ನು ಕೆಟ್ಟದೆಂದು ಬೈಯುವ ಹಾಗೂ ಇಲ್ಲ. ಅದು ಗೊಬ್ಬರ ಹೊತ್ತು ತರುವ ನೀರು. ಅದರಿಂದಲೇ ನೀರಿನ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ಬೂತಾಯಿ, ಬಂಗುಡೆಗೆ ಆಹಾರವಾಗುತ್ತವೆ. ಒಂದೇ ನೀರು ಮೀನಿಗೆ ಊಟ ತರುತ್ತದೆ, ಚಿಪ್ಪಿನ ಮರಿಗೆ ಕಷ್ಟ ತರುತ್ತದೆ. ಸಮುದ್ರದ ಹುಳಿ ಒಟ್ಟಾರೆ ಏರುತ್ತಾ ಹೋದರೆ ಇಂಥ ನೀರು ಏರುವ ಕಡೆಗಳಲ್ಲೇ ಮೊದಲು ಪರಿಣಾಮ ಕಾಣುವುದು.

ಹಾಗಂತ ಮರುವಾಯಿ ಕಡಿಮೆಯಾದಾಗಲೆಲ್ಲ ‘ಹುಳಿಯಿಂದ’ ಎಂದು ಹೇಳಿಬಿಡುವುದು ಸರಿಯಲ್ಲ. ಜೋರು ಮಳೆಗೆ ಹೊಳೆಯ ಸಿಹಿನೀರು ತುಂಬಿ ಉಪ್ಪು ಇಳಿದರೂ ಚಿಪ್ಪು ಸಾಯುತ್ತದೆ. ಮರಳು ತೆಗೆದರೆ ಅದರ ನೆಲವೇ ಹೋಗುತ್ತದೆ. ಗುಂಡಿಯಷ್ಟಿರುವ ಮರಿಯನ್ನೂ ಬಿಡದೆ ಬಾಚಿದರೆ ಮುಂದಿನ ವರ್ಷಕ್ಕೆ ತಾಯಿ ಎಲ್ಲಿಂದ ಬರಬೇಕು? ಕೊಳಚೆ ನೀರು, ಕಸ ಹೊಳೆಗೆ ಸೇರಿದರೆ ಅದು ಕೊಳೆಯುವಾಗ ಅದೇ ಕಾರ್ಬನ್ ಡೈಆಕ್ಸೈಡ್ ಅಲ್ಲೇ ಹುಟ್ಟುತ್ತದೆ. ಈ ಕೊನೆಯದಕ್ಕೆ ಮಾತ್ರ ನಮ್ಮ ಊರಿನ ಪಂಚಾಯತಿಯನ್ನೇ ಕೇಳಬಹುದು, ದೂರದ ಕಾರ್ಖಾನೆಯವರೆಗೆ ಹೋಗಬೇಕಾಗಿಲ್ಲ.

ಬೇರೆ ಜೀವಿಗಳು

ಹವಳ ಕೂಡ ಸುಣ್ಣದ ಮನೆ ಕಟ್ಟುವ ಜೀವಿ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇದೆ, ಲಕ್ಷದ್ವೀಪವಂತೂ ಹವಳದಿಂದಲೇ ಆದದ್ದು. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿ ಬಹಳಷ್ಟು ಸತ್ತವು. ಅದಕ್ಕೆ ಕಾರಣ ನೀರಿನ ಬಿಸಿ, ಹುಳಿ ಅಲ್ಲ. ಆದರೆ ಸತ್ತ ಮೇಲೆ ತಿರುಗಿ ಕಟ್ಟಬೇಕಲ್ಲ, ಆಗ ಕಾರ್ಬೊನೇಟ್ ಕೊರತೆ ಅಡ್ಡ ಬರುತ್ತದೆ. ತಣ್ಣನೆಯ ಸಮುದ್ರಗಳಲ್ಲಿ ರೆಕ್ಕೆಯಂತೆ ಕಾಲು ಬಡಿದು ಈಜುವ ಸಣ್ಣ ಬಸವನಹುಳುಗಳಿವೆ, ಅನೇಕ ಮೀನುಗಳಿಗೆ ಅವೇ ಊಟ. ದಕ್ಷಿಣ ಧ್ರುವದ ಸುತ್ತಲಿನ ಸಮುದ್ರದಿಂದ 2008ರಲ್ಲಿ ಹಿಡಿದು ತಂದ ಅಂಥ ಹುಳುಗಳ ಚಿಪ್ಪು ಅಲ್ಲಲ್ಲಿ ಕರಗಿದ್ದು ಸೂಕ್ಷ್ಮದರ್ಶಕದಲ್ಲಿ ಕಂಡಿತು.

ಎಲ್ಲರಿಗೂ ನಷ್ಟ ಎಂದೂ ಅಲ್ಲ. ಇಟಲಿಯ ಇಸ್ಕಿಯಾ ದ್ವೀಪದ ಹತ್ತಿರ ಸಮುದ್ರದ ತಳದಿಂದ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಗುಳ್ಳೆಯಾಗಿ ಏಳುವ ಜಾಗವಿದೆ, ಜ್ವಾಲಾಮುಖಿ ಪ್ರದೇಶ ಅದು. ಗುಳ್ಳೆಯ ಹತ್ತಿರ ಹೋದಷ್ಟೂ ಚಿಪ್ಪಿನ ಜೀವಿಗಳು ಕಡಿಮೆ, ನೀರುಹುಲ್ಲು ಮಾತ್ರ ಸೊಂಪಾಗಿ ಬೆಳೆದಿದೆ. 2008ರಲ್ಲಿ ಪ್ರಕಟವಾದ ಆ ವರದಿ ಓದಿದವರಿಗೆ ಮುಂದಿನ ಸಮುದ್ರ ಹೇಗಿರಬಹುದು ಎಂದು ಒಂದು ನೋಟ ಸಿಕ್ಕಿತು. ಇನ್ನು, ಹುಳಿ ನೀರಿನಲ್ಲಿ ಮೀನುಗಳಿಗೆ ವಾಸನೆ ತಿಳಿಯದೆ ಶತ್ರುವಿನ ಬಾಯಿಗೇ ಹೋಗುತ್ತವೆ ಎಂದು ಕೆಲವು ವರ್ಷ ಬಹಳ ಪ್ರಚಾರವಾಗಿತ್ತು. ಬೇರೆ ವಿಜ್ಞಾನಿಗಳು ಹವಳದ ಮೀನುಗಳ ಮೇಲೆ ಅದೇ ಪರೀಕ್ಷೆ ತಿರುಗಿ ಮಾಡಿ 2020ರಲ್ಲಿ ಪ್ರಕಟಿಸಿದರು, ಅವರಿಗೆ ಅಂಥ ಪರಿಣಾಮ ಕಾಣಲಿಲ್ಲ. ಚಿಪ್ಪಿನ ಮರಿಗಳ ವಿಷಯದಲ್ಲಿ ಹಾಗಲ್ಲ, ಬೇರೆ ಬೇರೆ ಕಡೆ ಎಷ್ಟೋ ಸಲ ನೋಡಿ ಖಾತ್ರಿಯಾಗಿದೆ.

ಚಿಪ್ಪು ಮತ್ತು ಪುಸ್ತಕ

ಅಮೆರಿಕದ ಮೇನ್ ರಾಜ್ಯದಲ್ಲಿ, ಅಳಿವೆಯ ಕೆಸರಿನ ಮೇಲೆ ಚಿಪ್ಪಿನ ಪುಡಿ ಹರಡಿ ನೋಡಿದ್ದಾರೆ. ಪುಡಿ ಹಾಕಿದ ಕಡೆ ಮರುವಾಯಿ ಜಾತಿಯ ಮರಿಗಳು ಹೆಚ್ಚು ನೆಲೆಸಿದವು. ಚಿಪ್ಪು ತಾನು ನಿಧಾನವಾಗಿ ಕರಗುತ್ತಾ ಕೆಸರಿನ ಹುಳಿಯನ್ನು ತಗ್ಗಿಸುತ್ತದೆ. ನಮ್ಮಲ್ಲಿ ಅಳಿವೆಯ ತಳದಲ್ಲಿ ತಲೆತಲಾಂತರದಿಂದ ಸೇರಿದ ಚಿಪ್ಪನ್ನೂ ಅಗೆದು ಸುಣ್ಣಕ್ಕೆ, ಕಾರ್ಖಾನೆಗೆ ಸಾಗಿಸುವುದು ನಡೆದಿದೆ. ಅದರಲ್ಲಿ ಕೆಲವರಿಗೆ ಕೂಲಿ ಸಿಗುತ್ತದೆ ನಿಜ. ಆದರೆ ಮರಿಗಳು ಅಂಟಿಕೊಳ್ಳುವ ನೆಲವೂ, ನೀರಿನ ಹುಳಿ ತಡೆಯುವ ಸುಣ್ಣವೂ ಒಂದೇ ಲಾರಿಯಲ್ಲಿ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊಟದ ನಂತರದ ಚಿಪ್ಪನ್ನು ಹೊಳೆಗೆ ತಿರುಗಿ ಹಾಕುವುದಾದರೆ ತೊಳೆದು, ಮಾಂಸದ ಚೂರು ಇಲ್ಲದಂತೆ ಒಣಗಿಸಿ, ಮೊದಲು ಹೆಕ್ಕಿದ ಜಾಗದಲ್ಲೇ ಹಾಕಿದರೆ ಒಳ್ಳೆಯದು. ಕೊಳೆತ ಚಿಪ್ಪು ಸುರಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಚಿಪ್ಪು ಹೆಕ್ಕುವ, ಪಚ್ಚಿಲೆ ಸಾಕುವ ಸದಸ್ಯರಿರುವ ಸಂಘಗಳು ಇನ್ನೊಂದು ಕೆಲಸ ಮಾಡಬಹುದು. ಉಳಿತಾಯದ ಪುಸ್ತಕದ ಜತೆಗೆ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇಟ್ಟುಕೊಳ್ಳಿ. ಬಂಡೆಯ ಮೇಲೆ ಮೊದಲ ಬೀಜ ಕಂಡ ತಾರೀಕು, ಒಂದು ಬುಟ್ಟಿ ತುಂಬಲು ಎಷ್ಟು ಗಂಟೆ ಬೇಕಾಯಿತು, ಮರಿಯ ಗಾತ್ರ ಅಕ್ಕಿಕಾಳಿನಷ್ಟೋ ಕಡಲೆಯಷ್ಟೋ, ಖಾಲಿ ಚಿಪ್ಪು ಹೆಚ್ಚು ಸಿಕ್ಕಿತೇ, ಆ ವಾರ ಮಳೆ ಹೇಗಿತ್ತು, ನೀರು ಮುಟ್ಟಿದರೆ ಎಂದಿಗಿಂತ ತಣ್ಣಗಿತ್ತೇ ಎಂದು ಬರೆಯುತ್ತಾ ಹೋಗಿ. ಬರೆಯಲು ಬಾರದ ಅಜ್ಜಿ ಹ್ವಾಯ್, ಈ ಸಲ ಬೇರೆ ಥರ ಉಂಟು ಅಂದರೆ ಅದನ್ನೂ ಅವರ ಮಾತಿನಲ್ಲೇ ಬರೆದಿಡಿ. ಒಂದು ವರ್ಷದ ಬರಹದಿಂದ ಏನೂ ಹೇಳಲು ಬರುವುದಿಲ್ಲ, ಐದಾರು ವರ್ಷದ್ದು ಸೇರಿದಾಗ ಅದಕ್ಕೆ ಬೆಲೆ ಬರುತ್ತದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು ಮತ್ತು ಕಾರವಾರದಲ್ಲಿವೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜೂ ಇದೆ. ಚಿಪ್ಪು ಒಮ್ಮೆಲೇ ಸತ್ತದ್ದು ಕಂಡರೆ ಅದೇ ದಿನ ಒಂದು ಸ್ವಚ್ಛ ಬಾಟಲಿಯಲ್ಲಿ ಆ ಜಾಗದ ನೀರನ್ನು ಗಾಳಿಗುಳ್ಳೆ ಉಳಿಯದಂತೆ ಬಾಯಿಮಟ್ಟ ತುಂಬಿ, ಮುಚ್ಚಳ ಬಿಗಿದು, ತಾರೀಕು ಹೊತ್ತು ಬರೆದು, ನೋಟ್ ಪುಸ್ತಕದ ಜತೆ ಅಲ್ಲಿಗೆ ಒಯ್ಯಿರಿ.